ದುರ್ಗದ ಬಂಡೆ ಮೇಲೆ ಅಷ್ಟು ಜನಕ್ಕೆ ನೀರೆಲ್ಲಿತ್ತು? ಎಂಟನೇ ಕ್ಲಾಸಿನ ಹುಡುಗಿ ಕೇಳಿದ ಪ್ರಶ್ನೆ

ಮೇಷ್ಟ್ರು_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಶಾಲೆಯ ಎಂಟನೇ ತರಗತಿ ಮಕ್ಕಳನ್ನ ಚಿತ್ರದುರ್ಗದ ಕೋಟೆಗೆ ಕರ್ಕೊಂಡು ಹೋಗ್ತಿದೀವಿ. ಅದಕ್ಕೆ ಮುಂಚೆ ಒಂದಿಷ್ಟು ಇತಿಹಾಸ ಹೇಳೋಣ ಅಂತ ಹೈದರಾಲಿ ಮುತ್ತಿಗೆ ತಗೊಂಡೆ. 1777ರಲ್ಲಿ ತಿಂಗಳುಗಟ್ಟಲೆ ಸುತ್ತುಗಟ್ಟಿ ಕೂತರೂ ಕೋಟೆ ಸಿಗಲಿಲ್ಲ, 1779ರಲ್ಲಿ ಮತ್ತೆ ಬಂದು ತಗೊಂಡ, ಕೊನೆಯ ಮದಕರಿ ನಾಯಕರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು ಅಂದೆ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಅಷ್ಟು ತಿಂಗಳು ಒಳಗಿದ್ದೋರು ಏನು ಕುಡಿದ್ರು? ದುರ್ಗದಲ್ಲಿ ಹೊಳೆ ಇಲ್ಲವಲ್ಲ" ಅಂದ್ಳು. ಹೊಂಡಗಳಿದಾವೆ ಅಂದೆ. "ಹೊಂಡಕ್ಕೆ ಎಲ್ಲಿಂದ ಬಂತು? ಬೇಸಿಗೇಲಿ ಬತ್ತಲ್ವಾ?" ಅಂತ ಮತ್ತೊಂದು.

ಪುಸ್ತಕದಲ್ಲಿ ರಾಜರ ಪಟ್ಟಿ ಇದೆ, ಇಸವಿ ಇದೆ, ಈ ಪ್ರಶ್ನೆಗೆ ಉತ್ತರ ಇಲ್ಲ. ಕೋಟೆ ಬಲ್ಲವರು ಇಲ್ಲಿ ಬಹಳ ಜನ ಇದೀರಿ. ಮಕ್ಕಳನ್ನ ಆಯಾ ಜಾಗದಲ್ಲೇ ನಿಲ್ಲಿಸಿ ತೋರಿಸೋ ಹಾಗೆ ಹೇಳಿಕೊಡಿ. ಓಬವ್ವನ ಕಥೆ ಎಲ್ಲರಿಗೂ ಗೊತ್ತು, ಅದನ್ನ ಬಿಟ್ಟು ಬೇರೆ ಹೇಳಿದ್ರೆ ಉಪಕಾರ.

ಕೋಟೆರಸ್ತೆ_ಹುಡುಗ
ಸರಿಯಾಗಿ ಕೇಳಿದಾಳೆ ಹುಡುಗಿ. ಸರ್, ಗೋಪಾಲಸ್ವಾಮಿ ಹೊಂಡದಿಂದ ಶುರು ಮಾಡಿ. ಅದು ಮೇಲೈತೆ. ಅದು ತುಂಬಿ ಕೋಡಿ ಬಿದ್ರೆ ನೀರು ಕೆಳಗಡೆ ಹೊಂಡಗಳಿಗೆ ಹರಿಯುತ್ತೆ. ಅಕ್ಕ-ತಂಗಿ ಹೊಂಡ ಆಮೇಲೆ ಸಿಗುತ್ತೆ. ಬೆಟ್ಟದ ನೀರು ಕೊನೇಲಿ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೂ ಬರ್ತಿತ್ತು. ನಾವು ಚಿಕ್ಕವರಿದ್ದಾಗ ಜೋರು ಮಳೆ ಬಂದ ಮಾರನೇ ದಿನ ಕೋಡಿ ನೀರು ನೋಡೋಕೆ ಅಂತಾನೇ ಮೇಲೆ ಓಡ್ತಿದ್ವಿ.

ಬೆಣ್ಣೆನಗರಿ
ಏಳು ಸುತ್ತಿನ ಕೋಟೆ, 19 ಬಾಗಿಲು, 38 ದಿಡ್ಡಿ ಬಾಗಿಲು, 35 ಗುಪ್ತ ದಾರಿ, 2000 ಬತೇರಿ (ಕಾವಲು ಬುರುಜು). ಇಷ್ಟು ಬರೆಸಿಬಿಡಿ ಮೇಷ್ಟ್ರೇ, ಪರೀಕ್ಷೆಗೂ ಆಗುತ್ತೆ.

ಶಾಸನಪ್ರಿಯ
ಬೆಣ್ಣೆನಗರಿ ಅವರೇ, ಆ ಅಂಕಿಗಳನ್ನ ಎಲ್ಲರೂ ಒಬ್ಬರಿಂದೊಬ್ಬರು ನೋಡಿ ಬರೀತಾರೆ. ಎರಡು ಸಾವಿರ ಬತೇರಿ ನಿಂತು ಎಣಿಸಿದವರನ್ನ ನಾನಂತೂ ಕಂಡಿಲ್ಲ. ಮಕ್ಕಳಿಗೆ ಅಂಕಿ ಬರೆಸೋದಕ್ಕಿಂತ ಒಂದೇ ಒಂದು ಬಾಗಿಲ ಮುಂದೆ ನಿಲ್ಲಿಸಿ, ಈ ದಾರಿ ಯಾಕೆ ಸೊಟ್ಟಗಿದೆ ಅಂತ ಕೇಳಿ. ಒಂದು ಬಾಗಿಲು ದಾಟಿದ ಕೂಡಲೇ ದಾರಿ ಪಕ್ಕಕ್ಕೆ ತಿರುಗುತ್ತೆ, ಮುಂದಿನ ಬಾಗಿಲು ಕಣ್ಣಿಗೆ ಬೀಳಲ್ಲ. ಆನೆಯಿಂದ ಬಾಗಿಲು ಗುದ್ದಿಸಬೇಕು ಅಂದ್ರೆ ಅದಕ್ಕೆ ಓಡಿ ಬರೋಕೆ ಜಾಗ ಬೇಕಲ್ಲ, ಆ ಜಾಗಾನೇ ಕೊಟ್ಟಿಲ್ಲ. ಎರಡೂ ಕಡೆ ಗೋಡೆ, ಮೇಲೆ ಕಾವಲಿನವರು. ಎಂಟನೇ ಕ್ಲಾಸಿನ ಮಕ್ಕಳು ಅದನ್ನ ತಾವೇ ಕಂಡುಹಿಡೀತಾರೆ.

ಏಳು ಸುತ್ತು ಅಂತ ಎಣಿಸ್ತಾ ಹತ್ತಿದ್ರೆ ಲೆಕ್ಕ ತಪ್ಪುತ್ತೆ ಅನ್ನೋದನ್ನೂ ಹೇಳಿ. ಕೆಳಗಿನ ಸುತ್ತುಗಳನ್ನ ಊರು ನುಂಗಿದೆ. ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು ಎಲ್ಲ ಇವತ್ತು ಬೀದಿಗಳ ಮಧ್ಯೆ ಇದಾವೆ. ಟಿಕೆಟ್ ಕೌಂಟರಿನಿಂದ ಕೋಟೆ ಶುರುವಾಗೋದಲ್ಲ, ಊರೊಳಗೆ ಬಂದಾಗಲೇ ಕೋಟೆಯೊಳಗೆ ಬಂದಿರ್ತೀರಿ.

ನಿವೃತ್ತ_ಇಂಜಿನಿಯರ್
ನೀರಿನ ಪ್ರಶ್ನೆಗೆ ಲೆಕ್ಕ ಮಾಡಿ ಉತ್ತರ ಕೊಡಬಹುದು. ಮಕ್ಕಳ ಕೈಲೇ ಮಾಡಿಸಿ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ದುರ್ಗದ ಕಡೆ ಮಳೆ ಕಡಿಮೆ, ವರ್ಷಕ್ಕೆ 600 ಮಿ.ಮೀ. ಆಸುಪಾಸು. ಅಲ್ಲಿಗೆ ಒಂದು ಎಕರೆ ಬಂಡೆ ಮೇಲೆ ವರ್ಷಕ್ಕೆ ಬೀಳೋದು ಸುಮಾರು 24 ಲಕ್ಷ ಲೀಟರ್. ಅರ್ಧಕ್ಕರ್ಧ ಆವಿಯಾಗಿ, ಸೋರಿ ಹೋಯ್ತು ಅಂತ ಬಿಟ್ಟರೂ 12 ಲಕ್ಷ ಉಳೀತು. ಕುಡಿಯೋಕೆ, ಅಡಿಗೆಗೆ ಒಬ್ಬರಿಗೆ ದಿನಕ್ಕೆ 10 ಲೀಟರ್ ಅಂದ್ರೆ ವರ್ಷಕ್ಕೆ 3,650. ಭಾಗಿಸಿ ನೋಡಿ, ಒಂದೇ ಒಂದು ಎಕರೆ ಬಂಡೆ 300ಕ್ಕೂ ಹೆಚ್ಚು ಜನರನ್ನ ವರ್ಷ ಪೂರ್ತಿ ಸಾಕುತ್ತೆ. ಕೋಟೆಯೊಳಗಿನ ಬಂಡೆ ಒಂದೆರಡು ಎಕರೆಯಲ್ಲ.

ಮಳೆ ಎಷ್ಟು ಬರುತ್ತೆ ಅನ್ನೋದಕ್ಕಿಂತ ಬಂದದ್ದನ್ನ ಎಲ್ಲಿ ಹಿಡಿದು ನಿಲ್ಲಿಸ್ತೀವಿ ಅನ್ನೋದರ ಮೇಲಿದೆ ಎಲ್ಲ. ಎರಡು ಗುಡ್ಡದ ನಡುವಿನ ತಗ್ಗಿಗೆ ಒಂದು ಗಟ್ಟಿ ಒಡ್ಡು ಹಾಕಿದ್ರೆ ಹೊಂಡ ಆಯ್ತು. ಮೂರು ಕಡೆ ಗೋಡೇನ ದೇವರೇ ಕಟ್ಟಿಕೊಟ್ಟಿದಾನೆ.

ಕಲ್ಲುಬಂಡೆ
ಇಂಜಿನಿಯರ್ ಸಾಹೇಬ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ನಾನು ಭೂವಿಜ್ಞಾನ ಓದಿದವನು. ದುರ್ಗದ ಗುಡ್ಡ 250 ಕೋಟಿ ವರ್ಷ ದಾಟಿದ ಗ್ರಾನೈಟ್. ಮಣ್ಣಿನ ಗುಡ್ಡ ಆಗಿದ್ರೆ ಮೊದಲ ಮಳೆಯೆಲ್ಲ ಇಂಗಿಹೋಗ್ತಿತ್ತು. ಬೋಳು ಬಂಡೆ ಇಂಗಿಸಲ್ಲ, ಮನೆ ಹೆಂಚಿನ ನೀರು ಹಂಡೆಗೆ ಇಳಿದಂಗೆ ನೇರ ಹೊಂಡಕ್ಕೆ ಇಳಿಸುತ್ತೆ. ಜೊತೆಗೆ ದೊಡ್ಡ ದೊಡ್ಡ ಗುಂಡುಗಳ ನೆರಳು. ನೆರಳಲ್ಲಿರೋ ನೀರು ಬೇಗ ಆರಲ್ಲ.

ಮಕ್ಕಳನ್ನ ಕರ್ಕೊಂಡು ಬರ್ತಿದೀರಿ ಅಂದ್ಮೇಲೆ ಮರಡಿಹಳ್ಳಿನೂ ತೋರಿಸಿ. ನೀರಿನಡಿ ಉಕ್ಕಿದ ಲಾವಾ ದಿಂಬಿನಾಕಾರಕ್ಕೆ ಗಟ್ಟಿಯಾಗಿ ಅಲ್ಲಿ ಕೂತಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಕೋಟೆ ನೋಡೋಕೆ ಸಾವಿರಾರು ಜನ ಬರ್ತಾರೆ, ಅಲ್ಲಿಗೆ ಯಾರೂ ಹೋಗಲ್ಲ. ನನಗೆ ಇದು ಬಹಳ ಬೇಜಾರು.

ಚಳ್ಳಕೆರೆ_ಅಕ್ಕ
ಮೇಷ್ಟ್ರೇ, "ಓಬವ್ವನ ಕಥೆ ಬಿಟ್ಟು" ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ಓಬವ್ವ ಆ ಹೊತ್ತಿಗೆ ಮನೆಯಿಂದ ಹೊರಗೆ ಯಾಕೆ ಬಂದ್ಲು ಹೇಳಿ? ಗಂಡ ಕಹಳೆ ಮುದ್ದಹನುಮ ಕಾವಲು ಬಿಟ್ಟು ಉಣ್ಣೋಕೆ ಬಂದಿದ್ದ. ಕುಡಿಯೋಕೆ ನೀರಿಲ್ಲ ಅಂತ ಕೊಡ ತಗೊಂಡು ತಣ್ಣೀರು ದೋಣಿಗೆ, ಅಂದ್ರೆ ಬಂಡೆ ನಡುವಿನ ನೀರಿನ ಕುಳಿಗೆ, ಹೊರಟ್ಲು. ಆಗಲೇ ಕಿಂಡಿ ಹತ್ರ ಸದ್ದು ಕೇಳಿದ್ದು, ಒನಕೆ ಹಿಡಿದು ನಿಂತಿದ್ದು. ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಮೊದಲ ಉತ್ತರ ಅದೇ ಅಲ್ವಾ? ಮುತ್ತಿಗೆ ನಡುವೆ ಕೋಟೆಯ ಹೆಂಗಸರಿಗೆ ಕುಡಿಯೋ ನೀರು ಮನೆ ಹತ್ರಾನೇ ಸಿಗ್ತಿತ್ತು. ಇವತ್ತಿಗೂ ತಣ್ಣೀರು ದೋಣಿ ಒನಕೆ ಕಿಂಡಿ ಹತ್ರಾನೇ ಐತೆ. ಮಕ್ಕಳಿಗೆ ಕಿಂಡಿ ತೋರಿಸಿ ಫೋಟೋ ಹೊಡೆಸಿ ಮುಂದೆ ಕರ್ಕೊಂಡು ಹೋಗ್ಬೇಡಿ. ದೋಣೀನೂ ತೋರಿಸಿ, ಎರಡೂ ಒಂದೇ ಕಥೆ.

ಕೋಟೆರಸ್ತೆ_ಹುಡುಗ
ಅಕ್ಕ ಹೇಳಿದ್ದು ಸತ್ಯ. ದೋಣಿ ಹತ್ರ ಜನ ನಿಲ್ಲೋದೇ ಇಲ್ಲ.

ಬೆಣ್ಣೆನಗರಿ
ಅಕ್ಕಾ, ಅದು ಸಿನಿಮಾದಲ್ಲಿ ತೋರಿಸಿದ್ದಲ್ವಾ? ನಿಜವಾಗಿ ಹಾಗೇ ನಡೀತು ಅನ್ನೋಕೆ ದಾಖಲೆ ಏನಿದೆ?

ಚಳ್ಳಕೆರೆ_ಅಕ್ಕ
ಸಿನಿಮಾ ಬರೋಕೆ ಮುಂಚೆಯಿಂದ ನಮ್ಮ ಅಜ್ಜಿ ಹೇಳ್ತಿದ್ದ ಕಥೆ ಇದು ತಮ್ಮಾ. ಮೊಸರು ಮಾರೋಳು ಕಿಂಡಿಯಿಂದ ನುಸುಳಿ ಬಂದದ್ದನ್ನ ಹೈದರನ ಕಡೆಯವರು ನೋಡಿದ್ರು, ಆಮೇಲೆ ಒಬ್ಬೊಬ್ಬರಾಗಿ ತೂರೋಕೆ ಶುರು ಮಾಡಿದ್ರು ಅಂತೆಲ್ಲ ಸೊಲ್ಲು ಸೊಲ್ಲಾಗಿ ಹೇಳೋರು.

ಶಾಸನಪ್ರಿಯ
ಓಬವ್ವ ನಮಗೆ ಬಂದಿರೋದು ಜನರ ನೆನಪಿನಿಂದ, ಶಾಸನದಿಂದಲ್ಲ. ಅದರಿಂದ ಆಕೆಯ ಬೆಲೆ ಕಡಿಮೆ ಆಗಲ್ಲ. ಕಾವಲುಗಾರನ ಹೆಂಡತಿಯ ಹೆಸರನ್ನ ಯಾವ ಅರಮನೆಯವರು ಶಾಸನದಲ್ಲಿ ಕೆತ್ತಿಸ್ತಿದ್ರು ಹೇಳಿ. ಊರು ಆ ಹೆಸರನ್ನ ಎರಡು ಶತಮಾನ ಕಾಪಾಡಿಕೊಂಡು ಬಂತಲ್ಲ, ಅದೇ ದೊಡ್ಡದು. ಸರ್ಕಾರ ನವೆಂಬರ್ 11ಕ್ಕೆ ಜಯಂತಿ ಶುರು ಮಾಡಿದ್ದು 2021ರಲ್ಲಿ, ಊರಿನವರು ಅದಕ್ಕೆ ಕಾದು ಕೂತಿರಲಿಲ್ಲ.

ಇಸವಿ ಬಗ್ಗೆ ಮಾತ್ರ ಎಚ್ಚರ ಇರಲಿ. ಹೈದರ್ ದುರ್ಗಕ್ಕೆ ಒಂದೇ ಸಲ ಬಂದವನಲ್ಲ. 1760ರ ದಶಕದಲ್ಲೂ ಬಂದಿದ್ದ, 1777ರಲ್ಲೂ ಬಂದಿದ್ದ, 1779ರಲ್ಲೂ ಬಂದ. ಓಬವ್ವನ ಘಟನೆಯನ್ನ ಕೆಲವರು ಮೊದಲಿನದಕ್ಕೆ ಸೇರಿಸ್ತಾರೆ, ಕೆಲವರು ಕೊನೆಯದಕ್ಕೆ. ಮಕ್ಕಳಿಗೆ "ಹೈದರನ ಮುತ್ತಿಗೆ ಕಾಲದಲ್ಲಿ" ಅಂದ್ರೆ ಸಾಕು.

ಮಾಯಕೊಂಡ_ಕಡೆಯವ
ಎಲ್ರೂ 1779 ಅಂತೀರಿ. ನಮ್ಮೂರನ್ನ ಯಾರೂ ನೆನಸ್ಕೊಳ್ಳಲ್ಲ. ಹಿರೇ ಮದಕರಿ ನಾಯಕರು 1748ರಲ್ಲಿ ಬಿದನೂರಿನವರ (ಕೆಳದಿ ಸಂಸ್ಥಾನದವರ) ಮೇಲಿನ ಯುದ್ಧದಲ್ಲಿ ಮಡಿದದ್ದು ನಮ್ಮ ಮಾಯಕೊಂಡದಲ್ಲಿ. ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ ಅಂತ ದುರ್ಗದವರು ಮರೆತುಬಿಟ್ರಾ? ಮೇಷ್ಟ್ರೇ, ನಿಮ್ಮ ಮಕ್ಕಳಿಗೆ ಇದು ಮನೆ ಹತ್ರದ ಇತಿಹಾಸ, ದಯವಿಟ್ಟು ಹೇಳಿ.

ಕೋಟೆರಸ್ತೆ_ಹುಡುಗ
ಮರೆತಿಲ್ಲ ಅಣ್ಣ. ಜಿಲ್ಲೆ ಒಡೆದಿದ್ದು 1997ರಲ್ಲಿ, ನಾಯಕರಿಗೆ ಆ ಗಡಿ ಇರಲಿಲ್ಲ.

ನೀರ್ಥಡಿ
ಜಿಲ್ಲೆ ಮಾತು ಬಂತು ಅಂತ ನಾನೂ ಹೇಳ್ತೀನಿ. ನಾಯಕರ ಮನೆತನದ ಹಿರಿಯರು ತಿರುಪತಿ ಕಡೆಯಿಂದ ಬಂದು ಮೊದಲು ನೆಲೆ ನಿಂತದ್ದು ನಮ್ಮ ನೀರ್ಥಡಿ ಹತ್ರ ಅಂತಾರೆ. ಆಮೇಲೆ ಹೊಸದುರ್ಗದ ಕಡೆ ಮತ್ತೋಡು. ದುರ್ಗಕ್ಕೆ ಬಂದದ್ದು ಅದಾದ ಮೇಲೆ. ಮೊದಲನೆಯವರು ತಿಮ್ಮಣ್ಣ ನಾಯಕರು, 1568ರಲ್ಲಿ ವಿಜಯನಗರದವರು ದುರ್ಗ ಕೊಟ್ಟದ್ದು.

ತಿಮ್ಮಣ್ಣ ನಾಯಕರ ಕುದುರೆ ಕಥೆ ಮಕ್ಕಳಿಗೆ ಹೇಳಿದ್ರೆ ರಾತ್ರಿ ನಿದ್ದೆ ಮಾಡಲ್ಲ. ವಿಜಯನಗರದ ದಂಡಿನ ಬಿಡಾರಕ್ಕೆ ರಾತ್ರಿ ನುಗ್ಗಿ ರಾಯನ ಕುದುರೆಯನ್ನ ಬಿಚ್ಚಿಕೊಂಡು ಬರೋಕೆ ಹೋದ್ರಂತೆ. ಕುದುರೆ ಎಳೆದಾಡಿ ಗೂಟ ಕಿತ್ತುಬಂತು, ಕುದುರೆಯಾಳಿಗೆ ಎಚ್ಚರ ಆಯ್ತು. ನಾಯಕರು ಹುಲ್ಲಿನಡಿ ಅಡಗಿಕೊಂಡ್ರು. ಆ ಆಳು ಗೂಟಾನ ಮತ್ತೆ ಹೊಡೆದದ್ದು ಹುಲ್ಲಿನಡಿ ಇದ್ದ ಇವರ ಅಂಗೈ ಮೇಲೆ. ಕೈ ತೂರಿ ನೆಲಕ್ಕೆ ಹೋಯ್ತು. ಚಕಾರ ಎತ್ತಲಿಲ್ಲ. ಆಳು ಮತ್ತೆ ಮಲಗಿದ ಮೇಲೆ ಆ ಕೈಯನ್ನ ತಾವೇ ಕತ್ತರಿಸಿಕೊಂಡು ಕುದುರೆ ಹತ್ತಿ ಬಂದ್ರು ಅಂತ ಹಳೇ ಗೆಜೆಟಿಯರಿನಲ್ಲೂ (ಬ್ರಿಟಿಷರ ಕಾಲದ ಸೀಮೆ ವಿವರದ ಪುಸ್ತಕ) ಬರೆದಿದಾರೆ. ನಮ್ಮ ಕಡೆ ಹಿರಿಯರು ಇನ್ನೂ ಉದ್ದ ಹೇಳ್ತಾರೆ.

ಬೆಣ್ಣೆನಗರಿ
ಅಬ್ಬಾ! ಈ ಕಥೆ ಗೊತ್ತೇ ಇರಲಿಲ್ಲ. ಇದನ್ನ ಶಾಲೆ ಪುಸ್ತಕದಲ್ಲಿ ಯಾಕೆ ಹಾಕಿಲ್ಲ?

ನಿವೃತ್ತ_ಇಂಜಿನಿಯರ್
ಕುದುರೆ ಕಥೆ ಚೆನ್ನಾಗಿದೆ, ಆದರೆ ಪ್ರಶ್ನೆ ನೀರಿನದ್ದು. ಬರಮಣ್ಣ ನಾಯಕರ ಹೆಸರು ಯಾರೂ ಎತ್ತಲಿಲ್ಲವಲ್ಲ? 1689ರಿಂದ 1721ರವರೆಗೆ ಆಳಿದವರು. ಕೋಟೆಗಳು, ಗುಡಿಗಳು, ಕೆರೆಗಳು ಅಂತ ಕಟ್ಟಿಸಿದವರು. ಮೇಷ್ಟ್ರು ದಾವಣಗೆರೆಯಿಂದ ಬರುವಾಗ ಹೆದ್ದಾರಿಯಲ್ಲಿ ಭರಮಸಾಗರ ಸಿಗುತ್ತೆ, ಅವರ ಹೆಸರಿನದೇ. ಬಸ್ಸಿನಲ್ಲೇ ಪಾಠ ಶುರು ಮಾಡಬಹುದು. ಕತ್ತಿ ಹಿಡಿದ ರಾಜರ ಹೆಸರು ಮಕ್ಕಳ ಬಾಯಲ್ಲಿ ಇರುತ್ತೆ, ಕೆರೆ ಕಟ್ಟಿಸಿದ ರಾಜನ ಹೆಸರು ಹೇಳಿ ಅಂದ್ರೆ ತಡವರಿಸ್ತಾರೆ. ನನ್ನ ಮಟ್ಟಿಗೆ ದುರ್ಗವನ್ನ ದುರ್ಗ ಮಾಡಿದವರು ಬರಮಣ್ಣ ನಾಯಕರು.

ಮದಕರಿ_ಅಭಿಮಾನಿ
ಅದೆಂಗೆ ಸಾರ್? ಕೊನೆ ಮದಕರಿ ನಾಯಕರು ಹೈದರನ್ನ ಎದುರು ಹಾಕ್ಕೊಂಡು ನಿಂತಿದ್ದು ಸಣ್ಣ ಮಾತಾ? ಕೋಟೆ ಬಿದ್ದಿದ್ದು ಒಳಗಿನವರ ದ್ರೋಹದಿಂದ. ಇಲ್ಲ ಅಂದಿದ್ರೆ ಯಾವತ್ತೂ ಬೀಳ್ತಿರಲಿಲ್ಲ.

ನಿವೃತ್ತ_ಇಂಜಿನಿಯರ್
ಸಣ್ಣ ಮಾತು ಅಂತ ನಾನು ಅನ್ನಲಿಲ್ಲ. ಅವರು ಅಷ್ಟು ದಿನ ನಿಲ್ಲೋಕೆ ಆದದ್ದು ಹಿಂದಿನವರು ಹೊಂಡ ಕಟ್ಟಿ, ಕಣಜ ತುಂಬಿ ಇಟ್ಟಿದ್ದರಿಂದ ಅಂದೆ.

ಶಾಸನಪ್ರಿಯ
ದ್ರೋಹದ ಮಾತು ಗೆಜೆಟಿಯರಿನಲ್ಲೂ ಇದೆ, ಜನರ ಬಾಯಲ್ಲೂ ಇದೆ. ಆದ್ರೆ ಅದೊಂದೇ ಕಾರಣ ಅಂದ್ರೆ ಪೂರ್ತಿ ಆಗಲ್ಲ. ಮದಕರಿ ನಾಯಕರು ಮೊದಲು ಹೈದರನ ಜೊತೆ ಸೇರಿ ಯುದ್ಧ ಮಾಡಿದವರು. 1777ರಲ್ಲಿ ಮರಾಠರು, ನಿಜಾಮರು ಒಟ್ಟಾಗಿ ಹೈದರನ ಮೇಲೆ ಬಂದಾಗ ನಾಯಕರ ಮನಸ್ಸು ಆ ಕಡೆ ವಾಲಿತು. ಹೈದರ್ ಬಂದು ಮುತ್ತಿದ, ತಿಂಗಳುಗಟ್ಟಲೆ ಕೂತ, ಆಗಲಿಲ್ಲ. ಅಷ್ಟರಲ್ಲಿ ಮರಾಠರು ಹತ್ತಿರ ಬಂದ್ರು, ರಾಜಿ ಮಾಡ್ಕೊಂಡು ಎದ್ದು ಹೋದ. ಎರಡು ವರ್ಷ ಕಳೆಯೋದ್ರಲ್ಲಿ ಮರಾಠರ ಬೆಂಬಲ ಇಲ್ಲ, ಹೊರಗಿನಿಂದ ಬರೋರು ಯಾರೂ ಇಲ್ಲ. ಆಗ ಮತ್ತೆ ಬಂದ. ಹೊಂಡದಲ್ಲಿ ನೀರಿದ್ದರೂ ಹೊರಗೆ ಗೆಳೆಯರಿಲ್ಲದ ಕೋಟೆ ಎಷ್ಟು ದಿನ ನಿಲ್ಲುತ್ತೆ?

ಮುತ್ತಿಗೆ ಹೊತ್ತಿನ ಇನ್ನೊಂದು ವಿಷಯ. ಒಳಗಿದ್ದವರು ಸುಮ್ಮನೆ ಬಾಗಿಲು ಹಾಕ್ಕೊಂಡು ಕೂತಿರಲಿಲ್ಲ. ಸೋಮವಾರ ಸೋಮವಾರ ದೇವಿ ಪೂಜೆ ಮಾಡಿ, ಕಹಳೆ ಊದಿ, ಹೊರಗೆ ನುಗ್ಗಿ ಹೈದರನ ದಂಡಿನ ಮೇಲೆ ಬೀಳ್ತಿದ್ರು. ಎದುರಿನವರಿಗೆ ಇವತ್ತು ಬರ್ತಾರೆ ಅಂತ ಗೊತ್ತು, ಕಹಳೆನೂ ಕೇಳಿಸುತ್ತೆ, ಆದ್ರೂ ತಡೆಯೋಕೆ ಆಗ್ತಿರಲಿಲ್ಲ.

ಮದಕರಿ_ಅಭಿಮಾನಿ
ಅದೇ ನಾನು ಹೇಳಿದ್ದು! ಏಕನಾಥೇಶ್ವರಿ ತಾಯಿ ಶಕ್ತಿ ಅದು. ದ್ರೋಹ ಮಾಡಿದವರು ಯಾವ ಜಾತಿ, ಯಾವ ಧರ್ಮ ಅಂತ ಎಲ್ರಿಗೂ ಗೊತ್ತು, ಬಾಯಿ ಬಿಟ್ಟು ಹೇಳಲ್ಲ ಅಷ್ಟೆ.

ಚಳ್ಳಕೆರೆ_ಅಕ್ಕ
ತಮ್ಮಾ, ಅದಕ್ಕೆ ಹೋಗ್ಬೇಡ. ನಾಯಕರ ದಂಡಿನಲ್ಲಿ ಮುಸ್ಲಿಂ ಸರದಾರರಿದ್ರು, ಹೈದರನ ದಂಡಿನಲ್ಲಿ ಹಿಂದೂಗಳಿದ್ರು. ಮಾಯಕೊಂಡದಲ್ಲಿ ನಾಯಕರನ್ನ ಕೊಂದವರು ಯಾವ ಧರ್ಮದವರು? ಅದೂ ಪಕ್ಕದ ಸಂಸ್ಥಾನದವರೇ. ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳೋ ವಿಷಯ ಮಾತಾಡ್ತಿದೀವಿ. ಆ ಕ್ಲಾಸಲ್ಲಿ ಎಲ್ಲ ಮನೆಯ ಮಕ್ಕಳೂ ಇರ್ತಾರೆ.

ವೇದಿಕೆ_ನಿರ್ವಾಹಕ
ಅಕ್ಕ ಹೇಳಿದ ಮಾತಿಗೆ ನನ್ನ ಸಹಮತ. ಕೋಟೆ, ನೀರು, ಮಕ್ಕಳ ಪ್ರವಾಸ, ಇಷ್ಟರಲ್ಲೇ ಇರೋಣ.

ಹಗೇವು
ಯಾರೋ ಕಣಜದ ಮಾತು ಎತ್ತಿದ್ರಲ್ಲ, ಅದಕ್ಕೆ ಬರ್ತಿದೀನಿ. ಬರೀ ನೀರಿನಿಂದ ಹೊಟ್ಟೆ ತುಂಬಲ್ಲ. ಮೇಲೆ ಟಂಕಸಾಲೆ (ನಾಣ್ಯ ಅಚ್ಚು ಹಾಕೋ ಜಾಗ) ಹತ್ರ ಎತ್ತರದ ಮಣ್ಣಿನ ಗೋಡೆಗಳು ಇನ್ನೂ ನಿಂತಿದಾವೆ. ಅಷ್ಟು ಮಳೆ, ಬಿಸಿಲು ತಿಂದೂ ಕರಗಿಲ್ಲ. ಎಣ್ಣೆ ಕೊಳ ಅಂತ ನೆಲಕ್ಕೆ ಇಳಿಸಿ ಕಟ್ಟಿದ ಕಲ್ಲಿನ ಬಾನಿಗಳಿವೆ, ಮೇಲೆ ಗುಡ್ಡದ ನೆತ್ತಿಯಲ್ಲಿ ತುಪ್ಪದ ಕೊಳ ಅಂತ ಒಂದಿದೆ. ಗಾಯಕ್ಕೆ ತುಪ್ಪ ಹಚ್ತಿದ್ರು ಅಂತ ಗೈಡುಗಳು ಹೇಳ್ತಾರೆ. ಸಿಡಿಮದ್ದು ಬೀಸೋ ದೊಡ್ಡ ಕಲ್ಲುಗಳನ್ನಂತೂ ಮಕ್ಕಳು ಹತ್ತಿ ಇಳಿದು ಆಡ್ತಾರೆ.

ನಮ್ಮ ಅಜ್ಜನ ಮನೆ ಮುಂದೆ ಹಗೇವು, ಅಂದ್ರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ಇತ್ತು. ಜೋಳ ಸುರಿದು, ಮೇಲೆ ಹುಲ್ಲು ಹಾಕಿ, ಮಣ್ಣು ಮೆತ್ತಿ ಮುಚ್ಚಿಬಿಟ್ರೆ ಬರಗಾಲಕ್ಕೂ ಹೆದರಿಕೆ ಇಲ್ಲ. ತೆಗೆದ ಕೂಡಲೇ ಒಳಗೆ ಇಳೀಬಾರದು, ಕೆಟ್ಟ ಗಾಳಿ ಇರುತ್ತೆ ಅಂತ ದೀಪ ಇಳಿಸಿ ನೋಡೋರು. ಬಯಲುಸೀಮೆ ಜನಕ್ಕೆ ಕೂಡಿಡೋದು ಯಾರೂ ಕಲಿಸಬೇಕಾಗಿರಲಿಲ್ಲ. ಕೋಟೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿದ್ರು. ರಾಜರಿಗೆ ಬುದ್ಧಿ ಹೇಳಿಕೊಟ್ಟವರು ರೈತರೇ ಇರಬೇಕು ಅಂತ ನನ್ನ ನಂಬಿಕೆ.

ಮೇಷ್ಟ್ರು_ದಾವಣಗೆರೆ
ಇಷ್ಟೊಂದು ಬರುತ್ತೆ ಅಂದ್ಕೊಂಡಿರಲಿಲ್ಲ. ಒಂದು ಎಕರೆ ಬಂಡೆ ಲೆಕ್ಕವನ್ನ ಇವತ್ತೇ ಬೋರ್ಡ್ ಮೇಲೆ ಮಾಡಿಸಿದೆ. ಆ ಹುಡುಗಿ ನಮ್ಮ ಶಾಲೆ ತಾರಸಿ ಅಳತೆ ತಗೊಂಡು ಅದಕ್ಕೂ ಲೆಕ್ಕ ಹಾಕಿದ್ಳು. ಶಾಸನಪ್ರಿಯ ಅವರೇ, ಒಂದು ಕೇಳ್ಬೇಕು. ನಾಯಕರಿಗಿಂತ ಮುಂಚೆ ಕೋಟೆ ಇತ್ತಾ? ಗುಡಿಗಳು ಅಷ್ಟು ಹಳೇವು ಕಾಣ್ತಾವಲ್ಲ.

ಶಾಸನಪ್ರಿಯ
ಇತ್ತು. ಚಾಲುಕ್ಯರ ಕಾಲದಿಂದ, ಹೊಯ್ಸಳರ ಕಾಲದಿಂದ ಇಲ್ಲಿ ಶಾಸನಗಳಿವೆ. ಊರಿಗೆ ಬೆಮ್ಮತ್ತನಕಲ್ಲು ಅಂತ ಹೆಸರಿತ್ತು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳು ನಾಯಕರಿಗೆ ಮುಂಚಿನವು. ಆಮೇಲೆ ವಿಜಯನಗರ, ಆಮೇಲೆ ನಾಯಕರು, ಆಮೇಲೆ ಹೈದರ್-ಟಿಪ್ಪು. ಒಬ್ಬರು ಕಟ್ಟಿದ ಗೋಡೆಯ ಮೇಲೆ ಇನ್ನೊಬ್ಬರು ಏರಿಸಿದ್ದು. ಆದ್ದರಿಂದ "ಈ ಕೋಟೆ ಕಟ್ಟಿಸಿದವರು ಯಾರು?" ಅಂತ ಒಂದೇ ಹೆಸರಿನ ಉತ್ತರ ಕೇಳೋ ಪ್ರಶ್ನೆಯನ್ನ ಪರೀಕ್ಷೆಯಲ್ಲಿ ಕೊಡಬೇಡಿ ಸರ್.

ಕೋಟೆರಸ್ತೆ_ಹುಡುಗ
ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ತೋರಿಸ್ತಾರೆ. ಆನೆ ದವಡೆ ಹಲ್ಲು ಅಂತಾರೆ ಓದಿದವರು. ಮಕ್ಕಳಿಗೆ ಎರಡೂ ಹೇಳಿ, ಕಣ್ಣರಳಿಸಿ ನೋಡ್ತಾವೆ.

ಮಾಯಕೊಂಡ_ಕಡೆಯವ
ಕೋಟೆ ಬಿದ್ದ ಮೇಲೆ ಒಳಗಿದ್ದ ಜನ ಏನಾದ್ರು? ಇದನ್ನ ಯಾರೂ ಹೇಳಲ್ಲ.

ಶಾಸನಪ್ರಿಯ
ಬಹಳ ನೋವಿನ ಭಾಗ ಅದು. ಸುಮಾರು 20,000 ಜನರನ್ನ ಹೈದರ್ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ ಅಂತ ಗೆಜೆಟಿಯರ್ ಹೇಳುತ್ತೆ. ಹುಡುಗರನ್ನ ಬೇರೆ ಮಾಡಿ ಚೇಲಾ ಪಡೆ ಅಂತ ಕಟ್ಟಿದ. ಎಷ್ಟೋ ತಲೆಮಾರು ಬೇಡ ನಾಯಕರ ಮನೆಗಳಲ್ಲಿ ಆ ಅಗಲಿಕೆಯ ಮಾತು ಉಳಿದಿರಬೇಕು. ಕೋಟೆ ಆಮೇಲೆ ಸೆರೆಮನೆಯೂ ಆಯ್ತು, 1783ರಲ್ಲಿ ಬಿದನೂರಿನಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಕಡೆಯವರಲ್ಲಿ ಕೆಲವರನ್ನ ಇಲ್ಲಿ ಇಟ್ಟಿದ್ರು. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಬ್ರಿಟಿಷ್ ತುಕಡಿ ಬಂದು ಕೂತಿತು, ಹವೆ ಒಗ್ಗದೆ ಎದ್ದುಹೋಯಿತು.

ಬೆಣ್ಣೆನಗರಿ
ದಾವಣಗೆರೆ ಬೆಳೆದದ್ದೂ ಹೈದರನ ಕಾಲದಲ್ಲೇ ಅಂತ ಕೇಳಿದೀನಿ, ನಿಜವಾ?

ಶಾಸನಪ್ರಿಯ
ನಿಜ. ಆಗ ದಾವಣಗೆರೆ ಸಣ್ಣ ಹಳ್ಳಿ. ಹೈದರ್ ಅದನ್ನ ಅಪ್ಪಾಜಿ ರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನ ಕರೆದು ಕೂರಿಸಿದ. ಸಂತೆ, ಪೇಟೆ ಬೆಳೆದದ್ದು ಅಲ್ಲಿಂದ.

ಬೆಣ್ಣೆನಗರಿ
ಹಾಗಾದ್ರೆ ದುರ್ಗದವರು ಯುದ್ಧ ಮಾಡ್ತಿದ್ದಾಗ ನಾವು ಅಂಗಡಿ ತೆರೀತಿದ್ವಿ. ಮಕ್ಕಳು ವಾಪಸ್ ಬರುವಾಗ ಬೆಣ್ಣೆದೋಸೆ ತಿನ್ನಿಸಿ ಮೇಷ್ಟ್ರೇ.

ಕೋಟೆರಸ್ತೆ_ಹುಡುಗ
ದುರ್ಗದಲ್ಲೂ ಊಟ ಸಿಗುತ್ತೆ ಅಣ್ಣ! ಮಿರ್ಚಿ ಮಂಡಕ್ಕಿ ನಮ್ಮೂರಲ್ಲಿ ತಿಂದು ನೋಡಿ ಆಮೇಲೆ ಮಾತಾಡಿ.

ಬೆಣ್ಣೆನಗರಿ
ಮಂಡಕ್ಕಿ ವಿಷಯದಲ್ಲಿ ದಾವಣಗೆರೆ ಜೊತೆ ಪೈಪೋಟಿಗೆ ಬರಬೇಡಿ. ಭಟ್ಟಿಗಳು ಇರೋದೇ ನಮ್ಮಲ್ಲಿ.

ಹಿರಿಯೂರು_ಮಾವ
ನೀರಿನ ಮಾತಲ್ಲಿ ನಮ್ಮ ಮಾರಿಕಣಿವೆ ಬರಲಿಲ್ಲವಲ್ಲ. ವೇದಾವತಿಗೆ ಅಡ್ಡ 1897ರಲ್ಲಿ ಶುರು ಮಾಡಿ 1907ಕ್ಕೆ ಮುಗಿಸಿದ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ರೆ ಮತ್ತೆ ಬಿದ್ದದ್ದು 2022ರಲ್ಲಿ. ಅವತ್ತು ನೋಡೋಕೆ ಸೇರಿದ ಜನ ಅಷ್ಟಿಷ್ಟಲ್ಲ. ನಮ್ಮ ಮನೆಯ ಹಿರೀರು ಕೋಡಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರು. ನೀರು ಕಾಣದ ಸೀಮೆ ಇದು. ಹೊಂಡ ಕಟ್ಟಿದವರ ಬೆಲೆ ನಮಗೆ ಗೊತ್ತಾದಷ್ಟು ಮಲೆನಾಡಿನವರಿಗೆ ಗೊತ್ತಾಗಲ್ಲ.

ಕಲ್ಲುಬಂಡೆ
ಮಾವ, ಅಷ್ಟು ವರ್ಷ ಕೋಡಿ ಬೀಳದಿದ್ದದ್ದು ಬರೀ ಮಳೆ ಕಡಿಮೆ ಆಗಿ ಮಾತ್ರ ಅಲ್ಲ. ಮೇಲಿನ ಕೆರೆಗಳು, ಬೋರ್‌ವೆಲ್‌ಗಳು, ಎಲ್ಲ ಸೇರ್ತಾವೆ ಅದರಲ್ಲಿ.

ಹಿರಿಯೂರು_ಮಾವ
ಸರಿಯಪ್ಪಾ, ಅದೂ ಇರಬಹುದು. ಈಗ ಭದ್ರಾ ನೀರೂ ಬರ್ತಿದೆ.

ಚಳ್ಳಕೆರೆ_ಅಕ್ಕ
ಮೇಷ್ಟ್ರೇ, ಒಂದು ಬೇಡಿಕೆ. ಹೊಂಡಕ್ಕೆ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪಾಕೀಟು ಎಸೆಯೋದನ್ನ ನೋಡಿ ಹೊಟ್ಟೆ ಉರಿಯುತ್ತೆ. ಜನರ ಪ್ರಾಣ ಉಳಿಸಿದ ನೀರದು. ಮಕ್ಕಳ ಕೈಗೆ ಮನೆಯಿಂದಲೇ ನೀರಿನ ಬಾಟಲಿ ಕೊಡಿಸಿ, ಕಸಕ್ಕೆ ಒಂದು ಚೀಲ ಜೊತೆಗಿರಲಿ. ಕೋತಿಗಳಿಗೆ ತಿಂಡಿ ತೋರಿಸದಂಗೆ ಹೇಳಿ, ಕಸಿದುಕೊಂಡು ಹೋಗ್ತಾವೆ.

ನಿವೃತ್ತ_ಇಂಜಿನಿಯರ್
ಬೆಳಿಗ್ಗೆ ಬೇಗ ಹತ್ತಿಸಿ. ಹನ್ನೊಂದರ ಮೇಲೆ ಬಂಡೆ ಕಾದುಬಿಡುತ್ತೆ. ಗೋಪಾಲಸ್ವಾಮಿ ಹೊಂಡ ನೋಡಿ ನಂತರ ನೀರು ಹರಿಯೋ ದಾರೀಲೇ ಇಳಿದು ಬನ್ನಿ. ಹತ್ತುವಾಗ ಬಾಗಿಲು ಮತ್ತು ಗೋಡೆ, ಇಳಿಯುವಾಗ ನೀರು. ಕೊನೆಗೆ ಊರೊಳಗಿನ ಸಂತೆ ಹೊಂಡ. ಮೇಲಿನ ಹನಿ ಎಲ್ಲಿ ತನಕ ಬಂತು ಅಂತ ಮಕ್ಕಳು ನಡೆದೇ ತಿಳೀತಾರೆ. ಹೊಂಡದ ಮೆಟ್ಟಿಲು ಪಾಚಿ ಹಿಡಿದಿರುತ್ತೆ, ಅಂಚಿಗೆ ಬಿಡಬೇಡಿ.

ಶಾಸನಪ್ರಿಯ
ಸಮಯ ಇದ್ರೆ ಮಧ್ಯಾಹ್ನ ಚಂದ್ರವಳ್ಳಿಗೂ ಹೋಗಿ ಸರ್. ಕೋಟೆ ನಾಯಕರಿಂದ ಶುರುವಾಗಲಿಲ್ಲ ಅಂತ ಹೇಳಿದೆನಲ್ಲ, ಊರಿನ ಕಥೆ ಕೋಟೆಗಿಂತಲೂ ಬಹಳ ಹಿಂದಿನದು. ಅಲ್ಲಿ ಭೈರವೇಶ್ವರ ಗುಡಿ ಹತ್ರದ ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು. ಅದು ಯಾವುದರ ಬಗ್ಗೆ ಗೊತ್ತಾ? ಕೆರೆ ಬಗ್ಗೆ! ಹೊಸ ರಾಜ್ಯ ಕಟ್ಟಿದ ರಾಜ ಇಲ್ಲಿ ಕಲ್ಲಿನ ಮೇಲೆ ಬರೆಸಿದ್ದು ಕೆರೆ ಕೆಲಸದ ಮಾತು. ಅಲ್ಲಿ ಅಗೆದಾಗ ಶಾತವಾಹನರ ಕಾಲದ ವಸ್ತುಗಳು, ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಮೊದಲು ಅಗೆಸಿದ್ರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದ್ರು. ರೋಮಿನ ನಾಣ್ಯ ಈ ಒಣ ಸೀಮೆಗೆ ಯಾಕೆ ಬಂತು ಅಂತ ನಿಮ್ಮ ಹುಡುಗಿ ಖಂಡಿತ ಕೇಳ್ತಾಳೆ, ಉತ್ತರ ಸಿದ್ಧ ಮಾಡಿಟ್ಕೊಳ್ಳಿ.

ಮೇಷ್ಟ್ರು_ದಾವಣಗೆರೆ
ಒಂದೇ ದಿನಕ್ಕೆ ಕೋಟೆ, ಸಂತೆ ಹೊಂಡ, ಚಂದ್ರವಳ್ಳಿ ಆಗುತ್ತಾ? ಅರವತ್ತು ಮಕ್ಕಳು, ನಾಲ್ಕು ಜನ ಶಿಕ್ಷಕರು.

ಕೋಟೆರಸ್ತೆ_ಹುಡುಗ
ಆಗುತ್ತೆ ಸರ್. ಚಂದ್ರವಳ್ಳಿ ಊರಿಗೆ ಅಂಟಿಕೊಂಡೇ ಐತೆ. ಅಂಕಲಿ ಮಠದ ಗುಹೆಗೆ ಮಾತ್ರ ಎಲ್ಲರನ್ನೂ ಒಟ್ಟಿಗೆ ಇಳಿಸಬೇಡಿ, ಒಳಗೆ ಕತ್ತಲು, ದಾರಿ ಸಣ್ಣದು. ಟಾರ್ಚ್ ತನ್ನಿ, ಹತ್ತು ಹತ್ತು ಜನ ಮಾಡಿ ಕಳಿಸಿ, ಪ್ರತಿ ಗುಂಪಿಗೂ ಜಾಗ ಬಲ್ಲವರೊಬ್ಬರು ಮುಂದಿರಲಿ. ನೀವು ಬರೋ ದಿನ ಹೇಳಿ, ನಾನೂ ನನ್ನ ಗೆಳೆಯರೂ ಬಂದು ನಿಲ್ತೀವಿ.

ಚಳ್ಳಕೆರೆ_ಅಕ್ಕ
ನಾನೂ ಬರ್ತೀನಿ. ತಣ್ಣೀರು ದೋಣಿ ಹತ್ರ ಓಬವ್ವನ ಕಥೆ ನಾನೇ ಹೇಳ್ತೀನಿ, ನಮ್ಮ ಅಜ್ಜಿ ಹೇಳಿದಂಗೆ.

ಮೇಷ್ಟ್ರು_ದಾವಣಗೆರೆ
ಬನ್ನಿ ಅಕ್ಕಾ, ಖಂಡಿತ ಬನ್ನಿ. ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕ್ತೀನಿ. ಕಲ್ಲುಬಂಡೆ ಅವರೇ, ಮರಡಿಹಳ್ಳಿಗೆ ಬಸ್ಸು ಹತ್ತಿರದವರೆಗೂ ಹೋಗುತ್ತಾ, ಇಲ್ಲ ನಡೀಬೇಕಾ?